ತಾಳಕ್ಕೆ ಕೂರದ ಪದ

ಈ ಸಲ ಹತ್ತನೇ ತರಗತಿಯ ಪರೀಕ್ಷೆಗೆ ನನ್ನನ್ನು ಔರಾದಕ್ಕೆ ಹಾಕಿದ್ದರು, ಅದೂ ಗಣಿತದ ಪೇಪರಿನ ದಿನ. ಆ ದಿನ ಗಣಿತದ ಮೇಷ್ಟ್ರುಗಳನ್ನು ಕೋಣೆಯೊಳಗೆ ಬಿಡುವುದಿಲ್ಲ, ನನ್ನಂಥ ಕನ್ನಡದವರನ್ನು ಕಾವಲಿಗೆ ನಿಲ್ಲಿಸುತ್ತಾರೆ. ಬೀದರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದು, ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತ ನಿಂತಿದ್ದೆ. ಮರ ಹೂ ಬಿಟ್ಟಿತ್ತು. ಮಾರ್ಚಿನ ಬಿಸಿಲಿಗೆ ಆ ಹೂವಿನ ಕಹಿ ವಾಸನೆ ಇನ್ನೂ ಗಾಢವಾಗಿತ್ತು. ಕಾಂಪೌಂಡಿನ ನೆರಳಲ್ಲಿ ಇಬ್ಬರು ಹುಡುಗಿಯರು ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಕೈ ತಟ್ಟುತ್ತ ಏನೋ ಹೇಳಿಕೊಳ್ಳುತ್ತಿದ್ದರು. ಭಜನೆ ಇರಬೇಕು ಅಂದುಕೊಂಡೆ. ಪರೀಕ್ಷೆಯ ದಿನ ದೇವರು ಯಾರಿಗೆ ನೆನಪಾಗುವುದಿಲ್ಲ? ಆಮೇಲೆ ಪದಗಳು ಕಿವಿಗೆ ಬಿದ್ದವು.

"ಮೂಲದ ಒಳಗೆ ಇಬ್ಬರಿದ್ದರೆ ಇಬ್ಬರಿಗೂ ಮೂಲ ಹಂಚೋ..."

ಲೋಟ ಬಾಯಿಯಿಂದ ಇಳಿಸಿದೆ. ಆ ಸಾಲು ನನ್ನದು. ಹನ್ನೆರಡು ವರ್ಷದ ಹಿಂದೆ ಇದೇ ತಾಲೂಕಿನ ಒಂದು ಹಳ್ಳಿಯ ಶಾಲೆಗಾಗಿ ನಾನೇ ಕೂತು ಹೆಣೆದದ್ದು.

"ಇದು ಯಾರು ಕಲಿಸಿದ್ದವ್ವಾ?" ಅಂದೆ.

"ನಮ್ಮಕ್ಕ್ರಿ ಸರ. ಆಕಿ ಸಾಲ್ಯಾಗ ಎಲ್ರೂ ಹಾಡ್ತಿದ್ರಂತ."

"ಆ ಸಾಲು ತಪ್ಪದ. ಒಳಗಿನ ಎರಡು ಸಂಖ್ಯೆ ಗುಣಿಸಿದ್ರ ಮಾತ್ರ ಮೂಲ ಹಂಚಬೇಕು. ಕೂಡಿಸಿದ್ರ ಹಂಚಬಾರದು. ಮೊದಲು ಕೂಡಿಸ್ರಿ, ಆಮ್ಯಾಲ ಮೂಲ ತಗೀರಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ನೀವು ಗಣಿತದ ಸರ ಏನ್ರಿ?" ಅಂದಳು ಒಬ್ಬಳು. ಅಲ್ಲ ಅಂದೆ. ಆ ಮಾತಿಗೆ ಅವಳ ಮುಖದಲ್ಲಿ ಸ್ವಲ್ಪ ಧೈರ್ಯ ಬಂತು. ಇನ್ನೊಬ್ಬಳು ಮಾತ್ರ ನೆಲದ ಮಣ್ಣಿನ ಮೇಲೆ ಬೆರಳಿನಿಂದ ಒಂಬತ್ತು, ಹದಿನಾರು ಬರೆದು ಲೆಕ್ಕ ಮಾಡಿ, "ಖರೇ ಅದಲೇ, ಐದ ಬರ್ತದ, ಏಳಲ್ಲ" ಅಂದಳು. ಬೆಲ್ಲು ಹೊಡೆಯಿತು. ಒಳಗೆ ಹೋದೆವು. ಮೂರು ಗಂಟೆ ಹೊತ್ತು ಬೆಂಚುಗಳ ನಡುವೆ ಓಡಾಡಿದೆ. ಗುರುತಿಲ್ಲದ ಮಕ್ಕಳಿಗೆ ಒಂದು ನಿಮಿಷದಲ್ಲಿ ಹೇಳಿದ ಮಾತನ್ನು ಆ ಹಳ್ಳಿ ಶಾಲೆಯ ಅಡುಗೆಯಾಕೆ ಕಾಶಮ್ಮನಿಗೆ ಹೇಳಲು ನನಗೆ ಸುಮಾರು ಐದು ತಿಂಗಳು ಹಿಡಿದಿತ್ತು. ಆ ವರ್ಷವನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿಲ್ಲ.

ಆಗ ನನಗೆ ಇಪ್ಪತ್ತಾರು. ಕನ್ನಡ ಎಂ.ಎ. ಮುಗಿಸಿ, ಬಿ.ಇಡಿ. ಮಾಡಿಕೊಂಡು, ಭಾಲ್ಕಿ ತಾಲೂಕಿನ ಮೆಹಕರದ ನಮ್ಮ ಮನೆಯಲ್ಲಿ ಎರಡು ವರ್ಷ ಸುಮ್ಮನೆ ಕೂತಿದ್ದೆ. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆಂದು ಕೇಳಿ ಔರಾದದ ಕಡೆ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋದೆ. ಆ ಊರಿನ ಹೆಸರು ಬೇಡ. ಔರಾದದಿಂದ ಬಸ್ಸಿಗೆ ಅರ್ಧ ಗಂಟೆಯ ದಾರಿ, ಅಷ್ಟು ಸಾಕು. ಹೆಡ್‌ಮಾಸ್ತರ್ ವೈಜನಾಥ ಸರ್ ನನ್ನ ಕಾಗದಗಳನ್ನು ತಿರುವಿ ಹಾಕಿ ಕನ್ನಡಕ ತೆಗೆದು ನೋಡಿದರು.

"ಕನ್ನಡಕ್ಕ ನಮ್ಮಲ್ಲಿ ಮಂದಿ ಅದಾರ್ರಿ. ಗಣಿತಕ್ಕ ಎರಡ್ ವರ್ಷ ಆತು, ಯಾರೂ ಇಲ್ಲ. ಪಿಯುಸಿದಾಗ ಸೈನ್ಸ್ ತಗೊಂಡಿದ್ರೇನು?"

"ತಗೊಂಡಿದ್ದೆ ಸರ್" ಅಂದೆ. ಗಣಿತದಲ್ಲಿ ಡುಮ್ಕಿ ಹೊಡೆದು ಆರ್ಟ್ಸಿಗೆ ಬಂದದ್ದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೊಟ್ಟೆಪಾಡಿನ ಮುಂದೆ ಅದೊಂದು ದೊಡ್ಡ ಸುಳ್ಳು ಅಂತ ಆಗ ಅನ್ನಿಸಿರಲಿಲ್ಲ.

ಔರಾದದಲ್ಲಿ ಒಂದು ಕೋಣೆ ಹಿಡಿದೆ. ಆ ಜೂನ್‌ನಲ್ಲಿ ಮಳೆ ಚೆನ್ನಾಗಿಯೇ ಹಿಡಿಯಿತು. ಬಸ್ಸು ಇಳಿದು ಶಾಲೆಗೆ ನಡೆಯುವಷ್ಟರಲ್ಲಿ ಕರಿಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲೂ ಸೇರು ತೂಕ ಆಗುತ್ತಿತ್ತು. ಹತ್ತನೇ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಪಕ್ಕದಲ್ಲೇ ತಗಡಿನ ಅಡುಗೆ ಶೆಡ್ಡು. ಮಳೆ ಬಿದ್ದರೆ ತಗಡಿನ ಸದ್ದಿಗೆ ಪಾಠ ನಿಲ್ಲಿಸಬೇಕಾಗುತ್ತಿತ್ತು, ಅದು ನನಗೆ ಅನುಕೂಲವೇ ಆಗಿತ್ತು. ಹಿಂದಿನ ಸಂಜೆ ಓದಿಕೊಂಡು ಬಂದದ್ದು ಮುಗಿದ ಮೇಲೆ ಮಕ್ಕಳು ಪ್ರಶ್ನೆ ಕೇಳಿಬಿಟ್ಟರೆ ಎನ್ನುವ ಅಂಜಿಕೆ ನನ್ನನ್ನು ದಿನವೂ ತಿನ್ನುತ್ತಿತ್ತು.

ಕಾಶಮ್ಮ ಆ ಶೆಡ್ಡಿನಲ್ಲಿ ಬಿಸಿಯೂಟದ ಅಡುಗೆಯಾಕೆ. ಕುರಿ ಸಾಕುವ ಮನೆತನದವಳು. ಗಂಡ ತೀರಿಕೊಂಡ ಮೇಲೆ ಅದೇ ಊರಿನ ತವರಿಗೆ, ತಮ್ಮನ ಮನೆಗೆ ಬಂದಿದ್ದಳು. ಜುಲೈನಲ್ಲಿ ಒಂದು ದಿನ, ಊಟ ಮುಗಿದು ಪಾತ್ರೆ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನ್ನ ತರಗತಿಯ ಬಾಗಿಲಲ್ಲಿ ನಿಂತಳು.

"ಸರ, ದೊಡ್ಡ ಸರ ಹ್ಞೂಂ ಅಂದಾರ್ರಿ. ನಾ ಹಿಂದಿನ ಬೆಂಚಿನ್ಯಾಗ ಕೂಡ್ಲೇನ್ರಿ?"

ವಿಷಯ ಆಮೇಲೆ ತಿಳಿಯಿತು. ಹದಿನೇಳು ವರ್ಷದವಳಿದ್ದಾಗ ಹತ್ತನೇ ಪರೀಕ್ಷೆಯಲ್ಲಿ ಎಲ್ಲ ಪಾಸಾಗಿ ಗಣಿತ ಒಂದು ಉಳಿದಿತ್ತು. ಮರುವರ್ಷ ಮತ್ತೆ ಉಳಿಯಿತು, ಮದುವೆಯಾಯಿತು. ಈಗ ಆ ಊರಿನ ಅಂಗನವಾಡಿಯ ಟೀಚರ್ ಬಾಯಿ ನಿವೃತ್ತಿಗೆ ಬಂದಿದ್ದರು, ಬರುವ ಮೇ ತಿಂಗಳಲ್ಲಿ ಆ ಜಾಗಕ್ಕೆ ಅರ್ಜಿ ಕರೆಯುತ್ತಾರೆ. ಅದೇ ಊರಿನವಳಾಗಿರಬೇಕು, ಆಗಿನ ನಿಯಮದಂತೆ ಹತ್ತನೇ ಪಾಸಾಗಿದ್ದರೆ ಸಾಕು, ವಯಸ್ಸು ಮೂವತ್ತೈದು ದಾಟಿರಬಾರದು. ಕಾಶಮ್ಮನಿಗೆ ಬರುವ ಜೂನಿಗೆ ಮೂವತ್ತೈದು ತುಂಬುತ್ತಿತ್ತು. ಅಂದರೆ ಅವಳಿಗೆ ಉಳಿದದ್ದು ಒಂದು ಪರೀಕ್ಷೆ, ಒಂದು ವಿಷಯ, ಒಂದು ಸಲ.

"ಆ ಜಾಗಾ ಸಿಕ್ರ ನಾ ಸಾಯೂತನಾ ನಮ್ಮ ತಮ್ಮನ ಹೆಂಡ್ತಿ ಮಾರಿ ನೋಡಿ ಉಣ್ಣೂದು ತಪ್ತದ್ರಿ" ಅಂದಿದ್ದಳು. ನಗುತ್ತಲೇ ಅಂದಿದ್ದಳು.

ಆಗಸ್ಟ್‌ನಲ್ಲಿ ಘಾತಾಂಕ ಮತ್ತು ಕರಣಿ ಬಂದವು. ಆಗಿನ ಹತ್ತನೇ ಪುಸ್ತಕದಲ್ಲಿ ಕರಣಿಯದೇ ಒಂದು ಪಾಠವಿತ್ತು. ಕರಣಿ ಎಂದರೆ ಪೂರ್ತಿ ಬಿಡಿಸಲಾಗದ ಮೂಲ: ಎರಡರ ವರ್ಗಮೂಲ, ಮೂರರ ವರ್ಗಮೂಲ, ಇಂಥವು. ಕಾಶಮ್ಮ ಕೂಡಿಸುವುದು, ಗುಣಿಸುವುದು ಬಾಯಿಲೆಕ್ಕದಲ್ಲೇ ಮಾಡುತ್ತಿದ್ದಳು, ನೂರೈವತ್ತು ಮಕ್ಕಳಿಗೆ ಅಕ್ಕಿ ಅಳೆಯುವ ಕೈ. ಆದರೆ ನಿಯಮ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಇವತ್ತು ಹೇಳಿದ್ದು ನಾಳೆಗೆ ಇಲ್ಲ. ಒಂದು ದಿನ ಸ್ಲೇಟು ಕೆಳಗಿಟ್ಟು ಅಂದಳು:

"ಸರ, ಹಾಡಿನ್ಯಾಗ ಇದ್ರ ನನಗ ಹತ್ತತದ್ರಿ. ಬರೇ ಮಾತಿದ್ರ ಹೋಗ್ತದ. ಭಜನಿ ಪದ ನೂರ್ ಬರ್ತಾವ ನನಗ, ಒಂದೂ ಬರ್ಕೊಂಡಿಲ್ಲ."

ಅದು ನಿಜ. ಊರಿನ ಭಜನಾ ಮಂಡಳಿಯಲ್ಲಿ ಸೋಮವಾರ ತಾಳ ಹಿಡಿಯುವವಳು ಅವಳೇ. ನನಗೂ ಆ ಮಾತು ಹಿಡಿಸಿತು. ಗಣಿತ ಬಾರದ ಮನುಷ್ಯನಿಗೆ ಕೊನೆಗೂ ತನಗೆ ಬರುವ ಕೆಲಸ ಒಂದು ಸಿಕ್ಕಿತ್ತು. ಆ ಸಂಜೆ ಔರಾದದ ಕೋಣೆಯಲ್ಲಿ ಮಳೆ ನೋಡುತ್ತ, ಅವರ ಊರಿನ ಒಂದು ಭಜನೆಯ ಧಾಟಿಗೆ ನಾಲ್ಕು ಸಾಲು ಹೊಂದಿಸಿದೆ.

ಆಧಾರ ಒಂದೇ ಇದ್ದರೆ ಗುಣಿಸೋ, ಮೇಲಿನ ಅಂಕೆ ಕೂಡಿಸೋ
ಆಧಾರ ಒಂದೇ ಇದ್ದರೆ ಭಾಗಿಸೋ, ಮೇಲಿನ ಅಂಕೆ ಕಳೆಯೋ
ಜೋಡಿ ಇದ್ದರೆ ಹೊರಗೆ ಕರೆಯೋ, ಒಂಟಿ ಇದ್ದರೆ ಒಳಗಿಡೋ

ನಾಲ್ಕನೆಯದು ಹೀಗಿತ್ತು: ಮೂಲದ ಒಳಗೆ ಗುಣಿಸಿದ ಇಬ್ಬರಿದ್ದರೆ ಇಬ್ಬರಿಗೂ ಮೂಲ ಹಂಚೋ.

ಮರುದಿನ ಕಾಶಮ್ಮ ಬೆರಳಿನಿಂದ ಬೆಂಚು ತಟ್ಟುತ್ತ ಹಾಡಿ ನೋಡಿದಳು. ಮೂರು ಸಾಲು ಸರಾಗ ಹೋದವು. ನಾಲ್ಕನೆಯದರಲ್ಲಿ ಎಡವಿದಳು. ಮತ್ತೆ ಹಾಡಿದಳು, ಮತ್ತೆ ಎಡವಿದಳು.

"ಇಲ್ಲಿ ಒಂದ್ ಪದ ಹೆಚ್ಚಾಗ್ಯದ್ರಿ ಸರ. 'ಗುಣಿಸಿದ' ತಾಳಕ್ಕ ಕೂಡಂಗಿಲ್ಲ."

ತಾಳದಲ್ಲಿ ಅವಳು ಹೇಳಿದ್ದು ಸರಿ. ಕನ್ನಡ ಎಂ.ಎ. ಓದಿದವನು ನಾನು, ಹಳೆಯ ಕಾವ್ಯಗಳಲ್ಲಿ ಛಂದಸ್ಸು ತುಂಬಲು ಹಾಕಿದ ಪದಗಳನ್ನು ಹುಡುಕಿ ಹುಡುಕಿ ಗುರುತು ಹಾಕಿ ಅಂಕ ಗಿಟ್ಟಿಸಿದವನು. 'ಗುಣಿಸಿದ' ಅಂಥದೇ ಒಂದು ತುಂಬು ಪದ ಎಂದು ನನಗೆ ಕಂಡಿತು. ಪುಸ್ತಕದಲ್ಲಿ ಇದೆ, ಇರಲಿ, ಹಾಡಿಗೆ ಬೇಡ. ಬೋರ್ಡಿನ ಮೇಲೆ ಆ ಪದದ ಮೇಲೆ ಡಸ್ಟರ್ ಎಳೆದೆ. "ಈಗ ಹಾಡ್ರಿ" ಅಂದೆ. ಹಾಡಿದಳು, ಸಾಲು ನೀರಿನಂತೆ ಹರಿಯಿತು, ಮೂವತ್ತೆಂಟು ಮಕ್ಕಳು ಜೊತೆ ಸೇರಿದರು. ನಾನು ಮಾಸ್ತರ ಆಗಿ ಅಷ್ಟು ಸುಖಪಟ್ಟ ದಿನ ಇನ್ನೊಂದಿಲ್ಲ.

ಅಲ್ಲಿಂದ ಮುಂದೆ ಆ ಶೆಡ್ಡೇ ಅವಳ ಸಾಲೆ. ನೆಲಕ್ಕೆ ಶಹಾಬಾದಿ ಫರಸಿಕಲ್ಲು ಹಾಸಿತ್ತು. ಅನ್ನ ಕುದಿಯುವ ಹೊತ್ತಿನಲ್ಲಿ ಕಾಶಮ್ಮ ಕುಕ್ಕರುಗಾಲಲ್ಲಿ ಕೂತು ಸುಣ್ಣದ ಕಡ್ಡಿಯಿಂದ ಕಲ್ಲಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಳು. ಒಂದು ಕಲ್ಲಿಗೆ ಒಂದು ಲೆಕ್ಕ. ಎಪ್ಪತ್ತೆರಡರ ವರ್ಗಮೂಲ: ಎರಡು, ಎರಡು, ಎರಡು, ಮೂರು, ಮೂರು ಎಂದು ಒಡೆದು, ಜೋಡಿಗಳನ್ನು ಹೊರಗೆ ತಂದು, ಆರು ಮೂಲ ಎರಡು. ಐವತ್ತರ ಮೂಲಕ್ಕೆ ಹದಿನೆಂಟರ ಮೂಲ ಕೂಡಿಸಿದರೆ ಎಂಟು ಮೂಲ ಎರಡು. ಛೇದದಲ್ಲಿ ಕರಣಿ ಇದ್ದರೆ ಅದನ್ನು ತೆಗೆಯುವುದಕ್ಕೆ ಅವಳು 'ಕೆಳಗಿನ ಮುಳ್ಳು ತಗಿಯೂದು' ಅನ್ನುತ್ತಿದ್ದಳು. ಊಟಕ್ಕೆ ಬೆಲ್ಲು ಹೊಡೆಯುವುದರೊಳಗೆ ಹತ್ತು ಹನ್ನೆರಡು ಕಲ್ಲು ತುಂಬುತ್ತಿದ್ದವು. ನಾನು ಬಾಗಿಲಲ್ಲಿ ನಿಂತು ಸರಿ ತಪ್ಪು ಹೇಳಿದ ಮೇಲೆ ಒದ್ದೆ ಬಟ್ಟೆ ಎಳೆದು ಎಲ್ಲ ಒರೆಸಿ, ಅಲ್ಲೇ ಮಕ್ಕಳ ತಟ್ಟೆ ಹಚ್ಚುತ್ತಿದ್ದಳು.

"ಜೋಡಿ ಇದ್ದವ್ರು ಹೊರಗ ತಿರಗತಾರ, ಒಂಟಿ ಇದ್ದಾಕಿ ಒಳಗ ಕೂಡ್ತಾಳ. ಈ ಲೆಕ್ಕಾ ನನ್ನ ನೋಡೇ ಬರ್ದಾರೇನ್ರಿ ಸರ?" ಅಂತ ಒಮ್ಮೆ ನಕ್ಕಳು. ಜೊತೆಯ ಅಡುಗೆಯಾಕೆಯೂ ನಕ್ಕಳು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಇನ್ನೊಂದು ದಿನ, ಯಾವ ಸಂಖ್ಯೆಗೂ ಘಾತ ಸೊನ್ನೆ ಇದ್ದರೆ ಉತ್ತರ ಒಂದು ಹೇಗೆ ಬರುತ್ತದೆ ಎಂದು ಕೇಳಿದಳು. ಒಂದು ಸಲವೂ ಗುಣಿಸದಿದ್ದರೆ ಏನೂ ಉಳಿಯಬಾರದಲ್ಲ ಎಂಬುದು ಅವಳ ವಾದ. ನನಗೂ ಗೊತ್ತಿರಲಿಲ್ಲ. "ಅದು ನಿಯಮ" ಅಂದೆ. ಮಾಸ್ತರರ ಚೀಲದಲ್ಲಿ ಆ ಪದ ಯಾವಾಗಲೂ ಇರುತ್ತದೆ, ಅದನ್ನು ತೆಗೆದರೆ ಎದುರಿನವರು ಸುಮ್ಮನಾಗುತ್ತಾರೆ. ಅವಳು ಸುಣ್ಣದ ಕಡ್ಡಿ ಎತ್ತಿಕೊಂಡು ಮುಂದಿನ ಕಲ್ಲಿಗೆ ಸರಿದಳು.

ಸೋಯಾ ಕಟಾವಿನ ಹೊತ್ತಿಗೆ ತರಗತಿ ಅರ್ಧ ಖಾಲಿಯಾಯಿತು. ದೀಪಾವಳಿ ಮುಗಿದು ಚಳಿ ಬಿತ್ತು. ಬೀದರ ಕಡೆಯ ಚಳಿ ಬಲ್ಲವರೇ ಬಲ್ಲರು, ಬೆಳಿಗ್ಗೆ ಸುಣ್ಣದ ಕಡ್ಡಿ ಹಿಡಿಯಲು ಬೆರಳು ಬಗ್ಗುತ್ತಿರಲಿಲ್ಲ. ಮಕ್ಕಳನ್ನು ಬಯಲಿನ ಬಿಸಿಲಲ್ಲಿ ಕೂರಿಸಿ ಹಾಡಿಸುತ್ತಿದ್ದೆ. ಡಿಸೆಂಬರಿನಲ್ಲಿ ತಾಲೂಕಿನಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದವರು ಜೀಪಿನಿಂದ ಇಳಿಯುತ್ತಲೇ ಆ ಹಾಡು ಕೇಳಿದರು, ಎರಡು ಸಲ ಹಾಡಿಸಿದರು. ಗಣಿತವನ್ನು ಭಜನೆ ಮಾಡಿದ್ದೀರಿ ಎಂದು ನನ್ನ ಬೆನ್ನು ತಟ್ಟಿ, ಜನವರಿ ಇಪ್ಪತ್ತಾರಕ್ಕೆ ಔರಾದದ ಮೈದಾನದಲ್ಲಿ ಎಲ್ಲರ ಮುಂದೆ ಹಾಡಿಸಬೇಕೆಂದರು. ಆ ಸಾಹೇಬರಿಗೂ ನಾಲ್ಕನೇ ಸಾಲು ಕಿವಿಗೆ ಚುಚ್ಚಲಿಲ್ಲ. ವೈಜನಾಥ ಸರ್ ಖುಷಿಯಲ್ಲಿ, "ಮುಂದಿನ ವರ್ಷಾನೂ ನೀವೇ. ನಾ ಬರ್ದು ಕೊಡ್ತೇನಿ" ಅಂದರು. ಮೆಹಕರಕ್ಕೆ ಫೋನು ಮಾಡಿ ಅಪ್ಪನಿಗೆ ಹೇಳಿದೆ.

ಜನವರಿಯ ಮೊದಲಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅದು ಹೊಲದ ಹಬ್ಬ. ಮನೆಗೆ ಮನೆಯೇ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಭೂಮಿಗೆ ಎಡೆಯ ಅನ್ನದ ಚರಗ ಚೆಲ್ಲಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಪಲ್ಯ, ರೊಟ್ಟಿ, ಅಂಬಲಿ ಉಂಡು ಸಂಜೆಗೆ ಬರುತ್ತಾರೆ. ಮರುದಿನ ಕಾಶಮ್ಮ ನನಗೊಂದು ಡಬ್ಬಿ ಭಜ್ಜಿ ತಂದುಕೊಟ್ಟಳು. ಕೊಟ್ಟು ಅಲ್ಲೇ ನಿಂತಳು.

"ಸರ, ಒಂದ್ ಮಾತ್ ಕೇಳ್ಲೇನ್ರಿ? ತಪ್ಪ ತಿಳಿಬ್ಯಾಡ್ರಿ."

"ಕೇಳ್ರಿ."

"ನಿನ್ನಿ ಹೋಗುಮುಂದ ತಲಿ ಮ್ಯಾಲ ಬುಟ್ಟಿ ಇತ್ತು, ಬದುವಿನ ಮ್ಯಾಲೇ ಹೋದೆ. ಸುಮ್ಮ ಹೆಜ್ಜಿ ಎಣಿಸಿದೆ. ಉದ್ದಕ್ಕ ನೂರಾ ಇಪ್ಪತ್ತಾದ್ವು, ಅಲ್ಲಿಂದ ಹೊಳ್ಳಿ ತೊಂಬತ್ತ್. ಬರುಮುಂದ ಬುಟ್ಟಿ ಖಾಲಿ. ತೊಗರಿ ಕೊಯ್ದ ಹೊಲಾ, ಮೂಲಿಯಿಂದ ಮೂಲಿಗಿ ಸೀದಾ ಹಾದು ಬಂದೆ. ಅದೂ ಎಣಿಸಿದೆ. ನೂರಾ ಐವತ್ತರ ಮ್ಯಾಲ ಎರಡೋ ಮೂರೋ ಆದ್ವು. ನೀವು ಹೇಳಿದ ತ್ರಿಕೋನದ ಲೆಕ್ಕ ಇದೇ ಅಲ್ಲೇನ್ರಿ? ಹಾಡಿನ ಪ್ರಕಾರ ಎರಡೂ ವರ್ಗಕ್ಕ ಬ್ಯಾರೆ ಬ್ಯಾರೆ ಮೂಲ ತಗದು ಕೂಡಿಸಿದ್ರ ಇನ್ನೂರಾ ಹತ್ತು ಬರ್ತದ. ಉಳದ ಅರವತ್ತ್ ಹೆಜ್ಜಿ ಎಲ್ಲಿ ಹೋದ್ವ್ರಿ ಸರ?"

ಬರೆಯುವಾಗಲೂ ನನ್ನ ಮುಖ ಬಿಸಿಯಾಗುತ್ತಿದೆ. ಸಾಲೆ ಬಿಟ್ಟು ಹದಿನೇಳು ವರ್ಷವಾಗಿದ್ದ ಹೆಂಗಸು. ಮಾಸ್ತರ, ಸಾಹೇಬ ಯಾರೂ ಹಿಡಿಯದ ತಪ್ಪನ್ನು ಕಾಲಿನಿಂದ ಅಳೆದು ತಂದಿದ್ದಳು. ಏನೋ ತಪ್ಪಿದೆ ಅಂತ ಆ ಗಳಿಗೆಗೇ ಗೊತ್ತಾಯಿತು. ಎಲ್ಲಿ ಅಂತ ಗೊತ್ತಾಗಲಿಲ್ಲ. ಎದುರಿಗೆ ಮಕ್ಕಳು ನಿಂತಿದ್ದರು.

"ಹೊಲಾ ಎಲ್ಲಾ ಸಮ ಇರ್ತದೇನ್ರಿ ಕಾಶಮ್ಮ? ಹೆಜ್ಜಿ ಎಲ್ಲಾ ಒಂದೇ ಅಳತಿ ಇರ್ತಾವೇನು? ತಲಿ ಮ್ಯಾಲ ಬುಟ್ಟಿ ಇದ್ದಾಗ ಹೆಜ್ಜಿ ಸಣ್ಣ ಬೀಳ್ತದ, ಖಾಲಿ ಬಂದಾಗ ದೊಡ್ಡ ಬೀಳ್ತದ. ಪರೀಕ್ಷಾದಾಗ ಹೆಜ್ಜಿ ಎಣಿಸಿ ಬರಿತೀರೇನು? ಹಾಡು ನಂಬ್ರಿ."

ಮಕ್ಕಳು ನಕ್ಕರು. ಕಾಶಮ್ಮ ಸೆರಗು ಬಾಯಿಗೆ ಹಿಡಿದು ತಾನೂ ನಕ್ಕಳು. "ಹೌದ್ರಿ, ನನ್ನ ಎಣಿಕೀನೇ ತಪ್ಪಿರಬೇಕು" ಅಂದು ಶೆಡ್ಡಿನೊಳಗೆ ಹೋದಳು.

ಆ ಸಂಜೆ ಕೋಣೆಗೆ ಬಂದವನೇ ಕಾಗದದ ಮೇಲೆ ಸ್ಕೇಲಿಟ್ಟು ಮೂರು ಸೆಂಟಿಮೀಟರ್ ಎಳೆದೆ, ಲಂಬವಾಗಿ ನಾಲ್ಕು ಎಳೆದೆ, ತುದಿಗೆ ತುದಿ ಸೇರಿಸಿ ಅಳೆದೆ. ಐದು. ಹಾಡಿನಂತೆ ಏಳು ಬರಬೇಕಿತ್ತು. ಆರು, ಎಂಟು ಎಳೆದೆ. ಹತ್ತು. ಪುಸ್ತಕ ತೆಗೆದೆ. ಎರಡು ಸಂಖ್ಯೆಗಳ ಗುಣಲಬ್ಧದ ವರ್ಗಮೂಲ ಎಂದು ದಪ್ಪ ಅಕ್ಷರದಲ್ಲಿತ್ತು. ಗುಣಲಬ್ಧದ. ತಾಳಕ್ಕೆ ಕೂರುವುದಿಲ್ಲವೆಂದು ನಾನು ಒರೆಸಿ ಹಾಕಿದ್ದ ಪದವೇ ಆ ನಿಯಮದ ಜೀವ. ಭಜ್ಜಿಯ ಡಬ್ಬಿ ಹಾಗೇ ಇತ್ತು. ಅವತ್ತು ಉಣ್ಣಲಿಲ್ಲ.

ಮರುದಿನ ಹೇಳಬೇಕಿತ್ತು. ಒಂದು ಮಾತು, ಅಷ್ಟೇ. ಆದರೆ ಇಪ್ಪತ್ತಾರಕ್ಕೆ ಮೂರು ವಾರ ಉಳಿದಿತ್ತು. ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರು ಹೋಗಿತ್ತು. ಈಗ ಹಾಡು ತಪ್ಪು ಅಂದರೆ, ಕನ್ನಡದವನನ್ನು ಗಣಿತಕ್ಕೆ ಹಾಕಿದ್ದು ತಪ್ಪು ಎನ್ನುವಲ್ಲಿಗೆ ಮಾತು ಹೋಗುತ್ತದೆ. ಇಪ್ಪತ್ತಾರು ಮುಗಿಯಲಿ ಅಂದುಕೊಂಡೆ. ಇಪ್ಪತ್ತಾರು ಮುಗಿಯಿತು. ಮಕ್ಕಳು ಮೈಕಿನ ಮುಂದೆ ಹಾಡಿದರು, ನನಗೆ ಶಾಲು ಹೊದಿಸಿದರು. ಕೆಳಗೆ ಜನರ ನಡುವೆ ಕಾಶಮ್ಮ ತಲೆಯ ಮೇಲೆ ಸೆರಗು ಹೊದ್ದು ನಿಂತು ಕೈ ತಟ್ಟುತ್ತಿದ್ದಳು.

ಫೆಬ್ರವರಿಯ ಒಂದು ಶನಿವಾರ ಧೈರ್ಯ 'ಮಾಡಿದೆ'. ಶನಿವಾರ ಬೆಳಗಿನ ಸಾಲೆ, ಆ ಹೊತ್ತಿಗೆ ಅಡುಗೆ ನಡೆದಿರುತ್ತದೆ, ಕಾಶಮ್ಮ ತರಗತಿಗೆ ಬರುವುದಿಲ್ಲ. ಆ ದಿನವನ್ನೇ ಆರಿಸಿಕೊಂಡಿದ್ದು ಆಕಸ್ಮಿಕ ಅಂತ ನನಗೆ ನಾನೇ ಬಹಳ ಕಾಲ ಹೇಳಿಕೊಂಡಿದ್ದೇನೆ. ಬೋರ್ಡಿಗೆ ಮುಖ ಮಾಡಿ, "ನಾಲ್ಕನೇ ಸಾಲು ಗುಣಾಕಾರಕ್ಕ ಮಾತ್ರ ಬಳಸ್ರಿ, ಕೂಡಿಸಿದಾಗ ಬ್ಯಾಡ" ಅಂದೆ. ಮಕ್ಕಳು ಹ್ಞೂಂ ಅಂದರು. ಕೆಲವರು ಬರೆದುಕೊಂಡರು, ಹಲವರು ಇಲ್ಲ. ತಾಸು ಮುಗಿಯುವಾಗ ವಾಡಿಕೆಯಂತೆ ಹಾಡು ಎತ್ತಿದರು, ಹಳೆಯ ರೀತಿಯಲ್ಲೇ. ಗೋಡೆಯಾಚೆಯ ಶೆಡ್ಡಿನಿಂದ ಕಾಶಮ್ಮನ ದನಿಯೂ ಸೇರಿಕೊಂಡಿತು. ನಾಲ್ಕನೇ ಸಾಲಿಗೆ ಅವಳು ಎಲ್ಲರಿಗಿಂತ ಮೇಲೆ ಹೋಗುತ್ತಿದ್ದಳು. ಹತ್ತು ಹೆಜ್ಜೆ ನಡೆದಿದ್ದರೆ ಆ ಬಾಗಿಲು. ನಾನು ಹೋಗಲಿಲ್ಲ. ಹೇಳಿದರೆ ಆ ಅರವತ್ತು ಹೆಜ್ಜೆಯ ಮಾತು ಬರುತ್ತದೆ, ಗೊತ್ತಿಲ್ಲದೆ ಬಾಯಿ ಮುಚ್ಚಿಸಿದ್ದು ಹೊರಬೀಳುತ್ತದೆ. ಅವಳು ಬೈಯುವವಳಲ್ಲ ಎಂದು ಗೊತ್ತಿತ್ತು. ಅದಕ್ಕೇ ಇನ್ನೂ ಅಂಜಿದೆ.

ಮಾರ್ಚಿನ ಕೊನೆಗೆ ಔರಾದದ ಕೇಂದ್ರದಲ್ಲಿ ಪರೀಕ್ಷೆ ಬರೆದಳು. ನಾನು ಗೇಟಿನ ಬಳಿ ಕಾಯುತ್ತಿದ್ದೆ. ಬೆವರಿದ ಮುಖ, ಬೆರಳಿಗೆ ಶಾಯಿ. "ಎಲ್ಲಾ ಬರ್ದೇನ್ರಿ ಸರ. ಒಂದೂ ಖಾಲಿ ಬಿಟ್ಟಿಲ್ಲ. ನೀವು ಹೇಳಿದಂಗ ಬಾಜೂಕ ಕಾರಣ ಸುದ್ದಾ ಬರ್ದೇನಿ" ಅಂದಳು. ನನಗೆ ಸ್ವಲ್ಪ ಉಸಿರು ಬಂತು. ಪಾಸಾದರೆ ಈ ತಪ್ಪು ಯಾರಿಗೂ ಕಾಣದೆ ಮುಚ್ಚಿಹೋಗುತ್ತದೆ ಎಂದು, ದೇವರಿಗೆ ಕೈ ಮುಗಿದೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಇಪ್ಪತ್ತೊಂಬತ್ತು. ಪಾಸಾಗಲು ಮೂವತ್ತೈದು ಬೇಕು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಮತ್ತೊಂದು ಪರೀಕ್ಷೆ ಇತ್ತು, ಆದರೆ ಅರ್ಜಿಯ ಕೊನೆ ದಿನ ಮೇ ತಿಂಗಳಲ್ಲೇ ಮುಗಿಯುತ್ತಿತ್ತು, ಜೂನ್‌ಗೆ ಅವಳ ವಯಸ್ಸೂ ಮುಗಿಯುತ್ತಿತ್ತು. ಆ ಜಾಗಕ್ಕೆ ಅದೇ ಊರಿನ ಸೊಸೆಯೊಬ್ಬಳು ಬಂದಳು. ಕಾಶಮ್ಮ ಮತ್ತೆ ಪರೀಕ್ಷೆ ಕಟ್ಟಲಿಲ್ಲ. ನಾನು ಮರುವರ್ಷ ಆ ಶಾಲೆಗೆ ಹೋಗಲಿಲ್ಲ, ವೈಜನಾಥ ಸರ್ ಎರಡು ಸಲ ಕರೆದರು. ಕೆಲವು ವರ್ಷದ ಮೇಲೆ ಬೀದರಿನಲ್ಲಿ ಕನ್ನಡಕ್ಕೇ ನೌಕರಿ ಸಿಕ್ಕಿತು. ಈಗ ಮಕ್ಕಳು ಪದ್ಯ ಬಾಯಿಪಾಠ ಒಪ್ಪಿಸುವಾಗ ಒಂದು ಪದ ಬಿಟ್ಟರೂ ನಿಲ್ಲಿಸಿ ಮತ್ತೆ ಹೇಳಿಸುತ್ತೇನೆ. ಅವರು ನನ್ನನ್ನು ಜಬರ್ದಸ್ತಿ ಮಾಸ್ತರ ಅನ್ನುತ್ತಾರೆ.

ಉಳಿದದ್ದು ಆ ಮೇ ತಿಂಗಳ ಒಂದು ಮಧ್ಯಾಹ್ನ. ಫಲಿತಾಂಶ ಬಂದ ದಿನವೇ ಕಾಶಮ್ಮ ವೈಜನಾಥ ಸರ್ ಕಡೆಯಿಂದ ಉತ್ತರಪತ್ರಿಕೆಯ ನಕಲು ಪ್ರತಿಗೆ ಅರ್ಜಿ ಹಾಕಿಸಿದ್ದಳು. ಅದು ಬಂದಿದೆ, ನೀವು ಬಂದು ಒಮ್ಮೆ ನೋಡಬೇಕಂತೆ ಎಂದು ಅವರಿಂದ ನನಗೆ ಫೋನು ಬಂತು. ಮೆಹಕರದಿಂದ ಭಾಲ್ಕಿ, ಬೀದರ, ಔರಾದ ಅಂತ ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಹನ್ನೆರಡು ದಾಟಿತ್ತು. ರಜೆಯ ಸಾಲೆ. ವರಾಂಡದ ಫರಸಿಯ ಮೇಲೆ ಕಾಲಿಟ್ಟರೆ ಸುಡುತ್ತಿತ್ತು. ಕಾಶಮ್ಮ ಕಂಬದ ನೆರಳಲ್ಲಿ ಕೂತಿದ್ದಳು. ನನ್ನನ್ನು ನೋಡಿ ಎದ್ದು, ತಂಬಿಗೆಯಲ್ಲಿ ನೀರು ಕೊಟ್ಟಳು. ಆಮೇಲೆ ಕಾಗದಗಳನ್ನು ಕೊಟ್ಟಳು.

ಅಕ್ಷರ ದುಂಡಗಿತ್ತು. ಕರಣಿಯ ಲೆಕ್ಕಗಳಿಗೆಲ್ಲ ಪೂರ್ತಿ ಅಂಕ. ಮುಳ್ಳು ತೆಗೆಯುವ ಲೆಕ್ಕಕ್ಕೂ ಪೂರ್ತಿ. ಮೂರು ಅಂಕದ ಒಂದು ಲೆಕ್ಕಕ್ಕೆ ಸೊನ್ನೆ, ಅಲ್ಲಿ ನಾಲ್ಕನೇ ಸಾಲು ಕಾರಣವಾಗಿ ಬರೆದಿತ್ತು. ಪುಟ ತಿರುವಿದೆ. ಲಂಬಕೋನ ತ್ರಿಭುಜ, ಬಾಹುಗಳು ಐದು ಮತ್ತು ಹನ್ನೆರಡು, ವಿಕರ್ಣ ಎಷ್ಟು ಎಂಬ ನಾಲ್ಕು ಅಂಕದ ಪ್ರಶ್ನೆ. ಅವಳು ಇಪ್ಪತ್ತೈದಕ್ಕೆ ನೂರಾ ನಲವತ್ತನಾಲ್ಕು ಕೂಡಿಸಿ, ನೂರಾ ಅರವತ್ತೊಂಬತ್ತರ ಮೂಲ ತೆಗೆದು, ಹದಿಮೂರು ಸೆಂ.ಮೀ. ಎಂದು ಬರೆದಿದ್ದಳು. ಅದರ ಮೇಲೆ ಸ್ಕೇಲಿಟ್ಟು ನೀಟಾಗಿ ಒಂದು ಗೆರೆ ಎಳೆದಿದ್ದಳು. ಕೆಳಗೆ ಮತ್ತೆ ಬರೆದಿತ್ತು: ಐದು ಕೂಡಿಸು ಹನ್ನೆರಡು, ಹದಿನೇಳು. ಪಕ್ಕದಲ್ಲಿ ಕಾರಣ, ನನ್ನ ಸಾಲು. ಅದರ ಮೇಲೆ ತಿದ್ದಿದವರ ಸೊನ್ನೆ.

ಎರಡೂ ಸೇರಿ ಏಳು ಅಂಕ. ಅವಳಿಗೆ ಬೇಕಿದ್ದದ್ದು ಆರು.

"ಇದು ಯಾಕ ಹೊಡದ್ ಹಾಕಿದ್ರಿ?" ಆ ಗೆರೆಯ ಮೇಲೆ ಬೆರಳಿಟ್ಟು ಕೇಳಿದೆ.

"ಮೊದಲ ಹೊಲದಾಗ ಎಣಿಸಿದಂಗ ಮಾಡಿದ್ದೆರಿ. ಅವತ್ತ ಮನಿಗಿ ಹೋದ ಮ್ಯಾಲೂ ಕಲ್ಲಿನ ಮ್ಯಾಲ ಮಾಡಿ ನೋಡಿದ್ದೆ, ಮೊದಲು ಕೂಡಿಸಿದ್ರ ಸರೀ ನೂರಾ ಐವತ್ತು ಬರ್ತಿತ್ತು. ಆಮ್ಯಾಲ ನೀವು ಹಾಡು ನಂಬ್ರಿ ಅಂದಿದ್ದು ನೆನಪಾತು. ಹೊಡದ್ ಹಾಕಿದೆ." ಸ್ವಲ್ಪ ತಡೆದು ಹತ್ತಿರ ಸರಿದಳು. "ಸರ, ಪೇಪರ್ ನೋಡಿದವ್ರು ತಪ್ಪಿರಬಹುದಲ್ರಿ? ಅವರಿಗಿ ಹಾಡು ಗೊತ್ತಿರಂಗಿಲ್ಲ. ಮತ್ತೊಮ್ಮಿ ನೋಡ್ರಿ ಅಂತ ಅರ್ಜಿ ಹಾಕ್ಲಿಕ್ಕಿ ಬರ್ತದಂತ. ನೀವೊಂದು ಚೀಟಿ ಬರ್ದು ಕೊಡ್ರಿ, ಇದು ಬರೋಬ್ಬರಿ ಅದ ಅಂತ. ಸಾಹೇಬ್ರ ಸುದ್ದಾ ಶಾಲು ಹಾಕ್ಯಾರಲ್ರಿ ನಿಮಗ."

ಪೆನ್ನನ್ನೂ ತಂದಿದ್ದಳು. ನನ್ನ ಮುಂದೆ ಹಿಡಿದಳು.

"ನೋಡಿದವ್ರು ತಪ್ಪಿಲ್ಲ ಕಾಶಮ್ಮ" ಅಂದೆ. "ಹಾಡೇ ತಪ್ಪದ. ಆ ಸಾಲಿನ್ಯಾಗ 'ಗುಣಿಸಿದ' ಇರಬೇಕಿತ್ತು. ನಾ ತಗದ್ ಹಾಕಿದ್ದೆ."

ಅವಳು ನನ್ನನ್ನು ನೋಡಿದಳು, ಕಾಗದ ನೋಡಿದಳು. ತಾಳಕ್ಕೆ ಕೂಡುವುದಿಲ್ಲ ಎಂದು ತೋರಿಸಿದವಳು ತಾನೇ ಎಂಬುದು ನೆನಪಾಯಿತೋ ಏನೋ, ತುಟಿ ಸ್ವಲ್ಪ ಅಲುಗಿತು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದರೆ ನಾನು ಹ್ಞೂಂ ಅಂದು ಅರ್ಧ ಭಾರ ಅವಳ ಮೇಲೆ ಹೊರಿಸಿಬಿಡುತ್ತಿದ್ದೆ. ಅಷ್ಟು ಹೀನ ಮನುಷ್ಯ ನಾನಾಗ. ಅವಳು ಅದನ್ನು ಕೇಳಲಿಲ್ಲ.

"ನಿಮಗ ಯಾವಾಗ ಗೊತ್ತಾತ್ರಿ?"

"ನೀವು ಹೆಜ್ಜಿ ಎಣಿಸಿದ್ದು ಬಂದು ಹೇಳಿದ್ರಲ್ಲ. ಅವತ್ತ ಸಂಜಿಕಿ."

ಅವಳು ನನ್ನ ಕೈಯಿಂದ ಕಾಗದಗಳನ್ನು ತೆಗೆದುಕೊಂಡು, ಅಂಚು ಸರಿ ಹೊಂದಿಸಿ, ಮಡಿಚಿ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು. ಪೆನ್ನು ಜಂಪರಿಗೆ ಸಿಕ್ಕಿಸಿಕೊಂಡಳು. ತಂಬಿಗೆಯ ಉಳಿದ ನೀರನ್ನು ವರಾಂಡದ ಆಚೆ ಚೆಲ್ಲಿ, ಮೆಟ್ಟಿಲಿಳಿದು, ಬಿಸಿಲಲ್ಲಿ ನಿಂತು ಒಮ್ಮೆ ತಿರುಗಿದಳು.

"ಹಂಗಾದ್ರ ನನ್ನ ಎಣಿಕಿ ಬರೋಬ್ಬರಿ ಇತ್ತು" ಅಂದಳು.